ವಿಟಿ ಅಂತ ಹತ್ತಿದ್ರೆ ದಾದರಿನಲ್ಲಿ ಇಳಿಸ್ತಾರೆ

ಭಾನುವಾರ ಮುಂಬೈಯ ಮಾಟುಂಗಾದಲ್ಲಿ ಇಡ್ಲಿ ಮುಗಿಸಿ ಕಾಫಿಗೆ ಕಾಯ್ತಾ ಇದ್ದೆವು. ಶೆಟ್ರಿಗೆ ಶುಗರ್, ಅವರದು ಸಕ್ಕರೆ ಇಲ್ಲದ್ದು.

"ಹಳೇ ಬಿಲ್ಲಿಂಗ್ ಪ್ರೋಗ್ರಾಮನ್ನ ಉಬುಂಟು ಲಿನಕ್ಸ್ ಇರೋ ಲ್ಯಾಪ್‌ಟಾಪಿಗೆ ಹಾಕಿದೆ. ಓಡಿಸಿದ್ರೆ 'ಅಂಥ ಫೈಲೇ ಇಲ್ಲ' ಅನ್ನುತ್ತೆ. ನೋಡಿದ್ರೆ ಕಣ್ಣೆದುರೇ ಕೂತಿದೆ!" ಅಂದೆ.

ಕುಲಕರ್ಣಿ ನಕ್ಕ. "ಅದು ಹಳೇ 32 ಬಿಟ್ ಪ್ರೊಸೆಸರಿಗೆ ಬರೆದದ್ದು, ನಿನ್ನ ಲ್ಯಾಪ್‌ಟಾಪ್ 64 ಬಿಟ್‌ದು. ಇಲ್ಲದಿರೋದು ಅದನ್ನ ಎಬ್ಬಿಸೋ ಲೋಡರ್. ಮದುವೆ ಗಂಡು ಬಂದಾನ, ಭಟ್ಟರು ಬಂದಿಲ್ಲ. ಛತ್ರದವರು ಗಂಡೇ ಇಲ್ಲ ಅಂತಾರ! ಐ386, ಅಂದ್ರ 32 ಬಿಟ್ ನಮೂನೆ, ಸೇರಿಸಿ ಅದರ ಲಿಬ್‌ಸಿ ಹಾಕು, ಅದು ಪ್ರೋಗ್ರಾಂಗಳೆಲ್ಲ ಹಂಚಿಕೊಳ್ಳೋ ಮೂಲ ಲೈಬ್ರರಿ. ಏಳ್ತದ."

"ಎರಡು ನಮೂನೆ ಲೈಬ್ರರಿ ಒಂದೇ ಫೋಲ್ಡರಿನಲ್ಲಿ ಇಟ್ರೆ ಆಗೂದಿಲ್ವಾ ಮಾರಾಯ್ರೇ?" ಶೆಟ್ರು.

"ಎರಡರ ಹೆಸರೂ ಒಂದೇ ಅಲ್ರೀ. ಒಂದರ ಮೇಲೊಂದು ಕೂತುಬಿಡ್ತಾವ. ಅದಕ್ಕ ಫೆಡೋರಾ ಅನ್ನೋ ಲಿನಕ್ಸಿನವರು 32ಕ್ಕ ಲಿಬ್, 64ಕ್ಕ ಲಿಬ್64 ಅಂತ ಬೇರೆ ಫೋಲ್ಡರ್ ಮಾಡಿದರು."

"ಸರಿ ಆಯ್ತಲ್ಲ."

"ಎಲ್ಲಿ ಸರಿ? ಇಂಟೆಲ್ ಪ್ರೊಸೆಸರ್‌ದೂ 64, ಆರ್ಮ್ ಪ್ರೊಸೆಸರ್‌ದೂ 64. ಯಾರ 64? ಇನ್ನೊಂದು ಲಿನಕ್ಸ್, ಡೆಬಿಯನ್, 2013ರಲ್ಲಿ 7ನೇ ಆವೃತ್ತಿಗೆ ಮಲ್ಟಿಆರ್ಚ್, ಅಂದ್ರ ಹಲವು ಪ್ರೊಸೆಸರಿನ ಲೈಬ್ರರಿ ಒಟ್ಟಿಗೆ ಇಡೋ ಪದ್ಧತಿ, ತಂದು, ಫೋಲ್ಡರಿಗೆ ಪ್ರೊಸೆಸರ್ ಹೆಸರನ್ನೇ ಇಟ್ಟಿತು. ಎಕ್ಸ್86_64-ಲಿನಕ್ಸ್-ಗ್ನು. ಇಂಟೆಲ್ ಪಕ್ಕದಾಗ ಆರ್ಮ್ ಲೈಬ್ರರಿನೂ ಇಡಬಹುದು."

"ನಮ್ಮ ಡೊಂಬಿವಿಲಿ ಅಡ್ರೆಸ್ಸಿಗಿಂತ ಉದ್ದ ಉಂಟು," ಅಂದರು ಶೆಟ್ರು. ಉದ್ದ ಹೌದು. ಆದ್ರೆ ಡಬ್ಬಾವಾಲಾ ತಪ್ಪು ಮನೆಗೆ ಹೋಗಲ್ಲ. ನನ್ನ ಓಟು ಡೆಬಿಯನ್ನಿಗೆ.

"ವಿಂಡೋಸ್ ಕಥೆ ಕೇಳಿ," ಅಂದೆ. "64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32 ಅನ್ನೋ ಫೋಲ್ಡರಿನ ಒಳಗಿರೋದು 64 ಬಿಟ್ ಲೈಬ್ರರಿ. 32 ಬಿಟ್‌ದು ಇರೋದು ಸಿಸ್‌ವಾವ್64ರಲ್ಲಿ."

ಶೆಟ್ರು ಚಮಚ ಕೆಳಗಿಟ್ಟರು. "ಕುಡಿದು ಹೆಸರಿಟ್ಟದ್ದಾ?"

"ಅಲ್ಲ. ವಿಟಿ, ಅದೇ ವಿಕ್ಟೋರಿಯಾ ಟರ್ಮಿನಸ್ ಸ್ಟೇಷನ್, ಅದರ ಹೆಸರು 1996ರಲ್ಲೇ ಬದಲಾಯ್ತು, ನೀವು ಟ್ಯಾಕ್ಸಿಯವನಿಗೆ ಈಗಲೂ ಏನಂತೀರಿ? ಪ್ರೋಗ್ರಾಂಗಳಿಗೂ ಸಿಸ್ಟಮ್32 ಬಾಯಿಪಾಠ. 64ಕ್ಕೆ ಬರುವಾಗ ತಿದ್ದೋದು ಬೇಡ ಅಂತ ಅದೇ ಹೆಸರು ಉಳಿಸಿಕೊಂಡರು. 32 ಬಿಟ್ ಪ್ರೋಗ್ರಾಂ ಬಂದು ಸಿಸ್ಟಮ್32 ಕೇಳಿದ್ರೆ ಸದ್ದಿಲ್ಲದೆ ಸಿಸ್‌ವಾವ್64ಕ್ಕೆ ಕರ್ಕೊಂಡು ಹೋಗ್ತಾರೆ."

"ವಿಟಿ ಅಂತ ಹತ್ತಿದವನನ್ನ ದಾದರಿನಲ್ಲಿ ಇಳಿಸಿ, ಇದೇ ವಿಟಿ ಅನ್ನೂದು!"

"ಅವನು ನಂಬಿ ಕೆಲಸ ಮುಗಿಸಿಕೊಂಡೂ ಬರ್ತಾನೆ."

"ಮ್ಯಾಕ್‌ದು ಚಾಳ್ ಪದ್ಧತಿ," ಕುಲಕರ್ಣಿ ಸೇರಿಸಿದ. "2020ರಾಗ ಆಪಲ್‌ನ ಸ್ವಂತ ಚಿಪ್ ಬಂದಾಗ ಒಂದೇ ಫೈಲಿನಾಗ ಇಂಟೆಲ್ ಕೋಡೂ ಹೊಸ ಚಿಪ್‌ದೂ. ಒಂದೇ ಖೋಲಿ, ಎರಡು ಸಂಸಾರ. ಫೈಲ್ ದಪ್ಪ ಆಗ್ತದ, ಜಗಳ ಇಲ್ಲ."

ಅಷ್ಟರಲ್ಲಿ ಕಾಫಿ ಬಂತು. ಮೂರೂ ಒಂದೇ ಥರದ ಸ್ಟೀಲ್ ಲೋಟ, ಒಂದೇ ಥರದ ನೊರೆ.

"ಇದರಲ್ಲಿ ಸಕ್ಕರೆ ಇಲ್ಲದ್ದು ಯಾವ್ದು ಮಾರಾಯ?" ಶೆಟ್ರು ಕೇಳಿದರು.

ಹುಡುಗ ತಲೆ ಕೆರೆದುಕೊಂಡ. "ಕುಡಿದು ನೋಡಿ ಸರ್."