ಸಹಾಯ ಬೇಕು: ಪಾಚಿಯಲ್ಲಿರೋ ಲೋಹ ಗಾಳಿಯದೋ, ಚಿರೆಕಲ್ಲಿನ (ಕೆಂಪು ಲ್ಯಾಟರೈಟ್) ಧೂಳಿನದೋ?

ಕಾರವಾರದಿಂದ ಶಿರಸಿವರೆಗೆ ಗಾಳಿಯ ಭಾರಲೋಹ ತಿಳಿಯೋಕೆ ಹಾವಸೆ, ಅಂದ್ರೆ ನೆಲದ ಪಾಚಿ, ಸಂಗ್ರಹಿಸಿದ್ದೇವೆ. ಹೆದ್ದಾರಿಯಿಂದ 300 ಮೀಟರ್ ಆಚೆ, ಮರದ ಹನಿ ಬೀಳದ ಕಡೆ, 50×50 ಮೀಟರ್ ಜಾಗದಲ್ಲಿ ಐದಾರು ತುಣುಕು ಸೇರಿಸಿ ಒಂದು ಮಾದರಿ. ನೀರಲ್ಲಿ ತೊಳೆದಿಲ್ಲ, ತೊಳೆದ್ರೆ ಲೋಹವೂ ಹೋಗುತ್ತೆ. ಹಸಿರು ಭಾಗ ಮಾತ್ರ ಬಿಡಿಸಿ, 40 ಡಿಗ್ರಿಯಲ್ಲಿ ಒಣಗಿಸಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಲೋಹದ ಪ್ರಮಾಣ ಅಳೆಯೋ ಯಂತ್ರವಾದ ಐಸಿಪಿ-ಎಂಎಸ್‌ನಲ್ಲಿ ಅಳೆಸಿದ್ದಾಯ್ತು.

ಸಿಕ್ಕಿಹಾಕಿಕೊಂಡಿದ್ದು ಇಲ್ಲಿ: ಕ್ರೋಮಿಯಂ, ಕಬ್ಬಿಣ ಏರಿದಲ್ಲೆಲ್ಲ ಅಲ್ಯೂಮಿನಿಯಂ ಕೂಡ ಏರಿದೆ. ಅಲ್ಯೂಮಿನಿಯಂ ಹೆಚ್ಚಾಗಿ ಮಣ್ಣಿಂದ ಬರೋದು, ಹಾಗಾಗಿ ಕೆಂಪು ಧೂಳಿನದ್ದೇ ಕೆಲಸ ಅನ್ನಿಸುತ್ತೆ. ಮಣ್ಣಿನ ಪಾಲು ಕಳೆಯೋಣ ಅಂದ್ರೆ, ಭೂಪದರದಲ್ಲಿರೋ ಲೋಹಗಳ ಸರಾಸರಿ ಅಂಕಿ ನಮ್ಮ ಚಿರೆಮಣ್ಣಿಗೆ ಹೊಂದಲ್ಲ. ಮಣ್ಣಿನ ಪಾಲು ಅಳೆಯೋಕೆ ಟೈಟಾನಿಯಂ ಆಧಾರ ಹಿಡಿಯೋಣ ಅಂದ್ರೆ ಅದು ಬರೀ ನೈಟ್ರಿಕ್‌ನಲ್ಲಿ ಪೂರ್ತಿ ಕರಗಲ್ಲ.

ಹಾಗಾದ್ರೆ ಪ್ರತಿ ಜಾಗದ ಮೇಲ್ಮಣ್ಣನ್ನೂ ಜರಡಿ ಹಿಡಿದು, ಅದೇ ಆಮ್ಲದಲ್ಲಿ ಕರಗಿಸಿ, ಅಲ್ಯೂಮಿನಿಯಂ ಅನುಪಾತದಿಂದ ಕಳೆದರೆ ಸರಿಯಾಗುತ್ತಾ? ಮಾಡಿ ನೋಡಿದವರು ಹೇಳಿ.