ಮನೆಯಲ್ಲೇ ಹ್ಯಾಲೋವೀನ್: ಮಾಡಿ ನೋಡಿದವರ ಅನುಭವ

ಪ್ರಶ್ನೆ (ಕೊಲಂಬಸ್, ಒಹಾಯೊ)

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ಇಷ್ಟು ದಿನ ಅಪಾರ್ಟ್‌ಮೆಂಟಿನಲ್ಲಿದ್ದೆವು, ಈ ಬೇಸಿಗೆಯಲ್ಲಿ ಸ್ವಂತ ಮನೆಗೆ ಬಂದೆವು. ಬೀದಿ ತುಂಬ ಮಕ್ಕಳು. ನನ್ನ ಮಗಳಿಗೆ ಒಂಬತ್ತು, ಮಗನಿಗೆ ನಾಲ್ಕು. ಹ್ಯಾಲೋವೀನ್ ಪಾರ್ಟಿ ಮನೆಯಲ್ಲೇ ಆಗಬೇಕು ಅಂತ ಇಬ್ಬರದೂ ಹಠ. ಊರಿನಿಂದ ಅತ್ತೆ ಬಂದಿದ್ದಾರೆ. ಎದುರು ಮನೆಯವರು ತಲೆಬುರುಡೆ, ಅಸ್ಥಿಪಂಜರ ನೇತುಹಾಕಿದ್ದು ನೋಡಿ, "ಮನೆ ಮುಂದೆ ಇದನ್ನೆಲ್ಲ ಕಟ್ಟೋದು ಯಾವ ಶಾಸ್ತ್ರ?" ಅಂತ ಕೇಳುತ್ತಿದ್ದಾರೆ. ಈ ಹಬ್ಬ ಎಲ್ಲಿಂದ ಬಂತು? ಪಾರ್ಟಿ ಹೇಗೆ ಮಾಡೋದು? ನಾವು ಸಸ್ಯಾಹಾರಿಗಳು. ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಡಬ್ಲಿನ್, ಐರ್ಲೆಂಡ್‌ನಿಂದ

ನಿಮ್ಮ ಅತ್ತೆಯವರ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಎಷ್ಟೋ ಜನ ಇದು ಅಮೆರಿಕದ ಹಬ್ಬ ಅಂದುಕೊಂಡಿದ್ದಾರೆ. ಇದರ ಬೇರು ಇರುವುದು ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ. ಸೌವಿನ್ ಅಂತ ಇಲ್ಲಿಯ ಹಳೆಯ ಹಬ್ಬ. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹೊತ್ತು. ಬೇಸಿಗೆಯಲ್ಲಿ ಗುಡ್ಡದ ಮೇಲೆ ಮೇಯಲು ಬಿಟ್ಟಿದ್ದ ದನಗಳನ್ನು ಆಗ ಕೆಳಗೆ ಹೊಡೆದುಕೊಂಡು ಬರುತ್ತಿದ್ದರು. ಹಬ್ಬ ನವೆಂಬರ್ 1ಕ್ಕೆ. ಆದರೆ ಅವರ ಲೆಕ್ಕದಲ್ಲಿ ದಿನ ಶುರುವಾಗುವುದು ಹಿಂದಿನ ಸಂಜೆಗೆ. ಹಾಗಾಗಿ ಅಕ್ಟೋಬರ್ 31ರ ರಾತ್ರಿಗೆ ಇಷ್ಟು ಮಹತ್ವ.

ಆ ರಾತ್ರಿ ಆಚೆ ಲೋಕದ ಬಾಗಿಲು ತೆರೆದಿರುತ್ತದೆ ಅನ್ನುವ ನಂಬಿಕೆ ಇತ್ತು. ರೋಸ್‌ಕಾಮನ್ ಜಿಲ್ಲೆಯ ರಾತ್‌ಕ್ರೋಗನ್‌ನಲ್ಲಿ ಒಂದು ಇಕ್ಕಟ್ಟಾದ ಗುಹೆ ಇದೆ. ಆ ಬಾಗಿಲು ಅದೇ ಅಂತ ಹಳೆಯ ಕಥೆಗಳು ಹೇಳುತ್ತವೆ. ಈಗಲೂ ಜನ ಬಗ್ಗಿಕೊಂಡು, ತೆವಳಿಕೊಂಡು ಒಳಗೆ ಹೋಗಿ ನೋಡಿ ಬರುತ್ತಾರೆ. ಸುತ್ತಾಡುವ ದೆವ್ವಗಳಿಗೆ ಗುರುತು ಸಿಗಬಾರದು ಅಂತ ವೇಷ ಹಾಕುತ್ತಿದ್ದರು, ಅವನ್ನು ದೂರ ಇಡಲು ಬೆಂಕಿ ಹಾಕುತ್ತಿದ್ದರು ಅನ್ನುತ್ತಾರೆ. ಅಂದರೆ ಅತ್ತೆಯವರಿಗೆ ಸಮಾಧಾನವಾಗುವ ಮಾತು ಇದು: ಆ ಭಯಂಕರ ಮುಖಗಳು ದೆವ್ವವನ್ನು ಕರೆಯುವುದಕ್ಕಲ್ಲ, ಓಡಿಸುವುದಕ್ಕೆ. ಹೊಸ ಮನೆ ಕಟ್ಟುವಾಗ ನಮ್ಮಲ್ಲಿ ದೃಷ್ಟಿಬೊಂಬೆ ನಿಲ್ಲಿಸುತ್ತಾರಲ್ಲ, ಉದ್ದೇಶ ಅದೇ.

ಮುಖ ಕೊರೆದು ಒಳಗೆ ದೀಪ ಇಡುವ ಕುಂಬಳಕಾಯಿ ಆಮೇಲೆ ಬಂದದ್ದು. ಇಲ್ಲಿ ಮೊದಲು ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆ. ಮೇಯೊ ಜಿಲ್ಲೆಯ ಟರ್ಲೊ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಡೊನೆಗಲ್ ಕಡೆಯ ಅಂಥ ಒಂದು ದೀಪದ ಅಚ್ಚು ಇಟ್ಟಿದ್ದಾರೆ. ಸುಕ್ಕುಗಟ್ಟಿದ ಮುದುಕನ ಮುಖ, ಗುಳಿಬಿದ್ದ ಕಣ್ಣು, ಬಾಯಲ್ಲಿ ಮುರುಕು ಹಲ್ಲು. ಅದರ ಮುಂದೆ ಇಂದಿನ ಯಾವ ಕುಂಬಳಕಾಯಿಯೂ ಸೌಮ್ಯವೇ. ನಾನೂ ಮಕ್ಕಳೊಂದಿಗೆ ಟರ್ನಿಪ್ ಕೊರೆಯುತ್ತೇನೆ. ಕಲ್ಲಿನಂಥ ಗೆಡ್ಡೆ, ಗಟ್ಟಿ ಸ್ಟೀಲ್ ಚಮಚ ಬೇಕು. ಒಳಗೆ ಮೇಣದಬತ್ತಿ ಹಚ್ಚಿದರೆ ಅರೆಬೆಂದ ಮೂಲಂಗಿಯ ವಾಸನೆ ಮನೆಯೆಲ್ಲ ತುಂಬುತ್ತದೆ. 1845ರಲ್ಲಿ ಶುರುವಾದ ಆಲೂಗೆಡ್ಡೆ ಬರಗಾಲದಲ್ಲಿ ಲಕ್ಷಾಂತರ ಐರಿಷ್ ಜನ ಅಮೆರಿಕಕ್ಕೆ ಹಡಗು ಹತ್ತಿದರು. ಅಲ್ಲಿ ಕುಂಬಳಕಾಯಿ ಹೇರಳ, ಕೊರೆಯುವುದೂ ಸುಲಭ.

ಪಾರ್ಟಿಗೆ ಇಲ್ಲಿಯ ಎರಡು ಪದ್ಧತಿ ತೆಗೆದುಕೊಳ್ಳಿ. ಒಂದು, ಸೇಬನ್ನು ದಾರದಲ್ಲಿ ನೇತುಹಾಕಿ ಕೈ ಹಿಂದೆ ಕಟ್ಟಿಕೊಂಡು ಕಚ್ಚುವುದು. ನೀರಿನ ಬೋಗುಣಿಯಲ್ಲಿ ಎಲ್ಲರೂ ಮುಖ ಅದ್ದಿ ಸೇಬು ಹಿಡಿಯುವ ಆಟಕ್ಕಿಂತ ಇದು ಶುಚಿ. ಇನ್ನೊಂದು ಬಾರ್ಮ್‌ಬ್ರ್ಯಾಕ್, ಒಣದ್ರಾಕ್ಷಿ ಹಾಕಿದ ಬ್ರೆಡ್. ಒಳಗೆ ಉಂಗುರ ಇಟ್ಟು ಬೇಯಿಸುತ್ತಾರೆ. ಅದು ಯಾರ ಪಾಲಿಗೆ ಬರುತ್ತದೋ ಅವರಿಗೆ ವರ್ಷದೊಳಗೆ ಮದುವೆ ಅನ್ನುತ್ತಾರೆ. ಚಿಕ್ಕವರಿದ್ದರೆ ಉಂಗುರವನ್ನು ಬೇಕಿಂಗ್ ಪೇಪರಿನಲ್ಲಿ ದೊಡ್ಡದಾಗಿ ಸುತ್ತಿಡಿ, ನುಂಗಿಬಿಟ್ಟಾರು. ಇಲ್ಲಿ ಆ ರಾತ್ರಿ ವೇಷ ಹಾಕಿಕೊಂಡು ಸಿಹಿ ಕೇಳಲು ಬಾಗಿಲಿಗೆ ಬರುವ ಮಕ್ಕಳಿಗೆ ಸಿಪ್ಪೆ ಸಮೇತ ಕಡಲೆಕಾಯಿ ಕೊಡುವ ಪದ್ಧತಿಯೂ ಇದೆ. ಅಮೆರಿಕದಲ್ಲಿ ಅಲರ್ಜಿ ಭಯ ಜಾಸ್ತಿ, ಅದನ್ನು ಬಿಡಿ.

ಟೊರಾಂಟೊ, ಕೆನಡಾದಿಂದ

ನಾನು ಮಂಗಳೂರಿನ ಕೆಥೊಲಿಕ್. ಮೇಲಿನವರ ಮಾತಿಗೆ ಒಂದು ಕೊಂಡಿ ಸೇರಿಸುತ್ತೇನೆ. 9ನೇ ಶತಮಾನದ ಹೊತ್ತಿಗೆ ಪಶ್ಚಿಮ ಯುರೋಪಿನ ಚರ್ಚು ನವೆಂಬರ್ 1ನ್ನು ಎಲ್ಲ ಸಂತರ ಹಬ್ಬವಾಗಿ ಆಚರಿಸುತ್ತಿತ್ತು. ಆಮೇಲೆ ನವೆಂಬರ್ 2 ಸತ್ತವರ ನೆನಪಿನ ದಿನವಾಯಿತು. ಇಂಗ್ಲೆಂಡಿನಲ್ಲಿ ಬಡವರು ಮನೆ ಮನೆಗೆ ಹೋಗಿ, ಆ ಮನೆಯ ಸತ್ತವರಿಗಾಗಿ ಪ್ರಾರ್ಥನೆ ಮಾಡುತ್ತೇವೆ ಅಂತ ಹೇಳಿ ಸಣ್ಣ ಕೇಕು ಪಡೆಯುತ್ತಿದ್ದರು. ಇವತ್ತಿನ ಮಕ್ಕಳ ಚೀಲದ ಹಿಂದೆ ಆ ಕೇಕೂ ಇದೆ.

ನಮ್ಮ ಊರಿನಲ್ಲಿ ಹ್ಯಾಲೋವೀನ್ ಇರಲಿಲ್ಲ. ನವೆಂಬರ್ 2 ಮಾತ್ರ ತಪ್ಪುತ್ತಿರಲಿಲ್ಲ. ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಬರುತ್ತಿದ್ದೆವು. ಇಲ್ಲಿ 31ರ ಗಲಾಟೆ ಮುಗಿದ ಮೇಲೆ, 2ರಂದು ಅಜ್ಜ ಅಜ್ಜಿಯರ ಫೋಟೊ ಮುಂದೆ ಬತ್ತಿ ಹಚ್ಚಿ ಮಕ್ಕಳಿಗೆ ಅವರ ಕಥೆ ಹೇಳುತ್ತೇವೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ನಿಮ್ಮ ಅತ್ತೆಯವರಿಗೆ ಇದು ಪರಕೀಯ ಅನ್ನಿಸಲಾರದು.

ವೆಸ್ಟರ್‌ವಿಲ್, ಒಹಾಯೊದಿಂದ

ನಾವು ನಿಮ್ಮ ಪಕ್ಕದಲ್ಲೇ ಇದ್ದೇವೆ ಅಕ್ಕ. ಪ್ರತಿ ವರ್ಷ ಮನೆಯಲ್ಲಿ ಮಾಡುತ್ತೇವೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ದಿನಾಂಕ ನೋಡಿ. ಮಕ್ಕಳು ಸಿಹಿ ಕೇಳುತ್ತ ಮನೆ ಮನೆಗೆ ಹೋಗುವ ಸಂಜೆಗೆ ನಮ್ಮ ಕಡೆ ಬೆಗ್ಗರ್ಸ್ ನೈಟ್ ಅನ್ನುತ್ತಾರೆ. ಮಕ್ಕಳು ಯಾವ ದಿನ, ಎಷ್ಟು ಹೊತ್ತಿಗೆ ಬೀದಿಗೆ ಇಳಿಯಬೇಕು ಅಂತ ಆಯಾ ಊರಾಡಳಿತವೇ ಹೇಳುತ್ತದೆ. ಹಿಂದೆ ಎಷ್ಟೋ ವರ್ಷ ಅದು 31 ಆಗಿರಲಿಲ್ಲ. ನಿಮ್ಮ ಊರಿನ ವೆಬ್‌ಸೈಟ್ ನೋಡಿಯೇ ಆಮಂತ್ರಣ ಕಳಿಸಿ.

ಇನ್ನು ನಾನು ಒತ್ತಿ ಹೇಳುವ ಮಾತು. ಪಾರ್ಟಿಯನ್ನು ಕತ್ತಲಾದ ಮೇಲೆ ಇಟ್ಟುಕೊಳ್ಳಬೇಡಿ. ಈ ಹಬ್ಬದ ಜೀವ ಇರುವುದು ಬೀದಿಯಲ್ಲಿ, ಮನೆಯ ಮುಂಬಾಗಿಲಲ್ಲಿ. ವರ್ಷವೆಲ್ಲ ಕಾರಿನ ಗಾಜಿನೊಳಗಿಂದ ಕೈ ಬೀಸುವ ನೆರೆಯವರು ಆವತ್ತು ನಿಮ್ಮ ಮೆಟ್ಟಿಲ ತನಕ ಬರುತ್ತಾರೆ. ಹೊಸ ಮನೆಗೆ ಬಂದವರಿಗೆ ಬೀದಿಯ ಪರಿಚಯ ಮಾಡಿಕೊಳ್ಳಲು ಇಂಥ ಇನ್ನೊಂದು ಸಂಜೆ ಸಿಗುವುದಿಲ್ಲ. ಆ ಹೊತ್ತಿನಲ್ಲಿ ನೀವು ಒಳಗೆ ಪಿಜ್ಜಾ ಹಂಚುತ್ತಿದ್ದರೆ ಹಬ್ಬವೇ ಕೈತಪ್ಪಿದ ಹಾಗೆ. ಇಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದು 6:30ರ ಸುಮಾರಿಗೆ. 4ಕ್ಕೆ ಮಕ್ಕಳನ್ನು ಕರೆದು, ಆಟ, ತಿಂಡಿ ಮುಗಿಸಿ, ಬೀದಿ ಶುರುವಾಗುವ ಮುನ್ನ ವೇಷ ಸರಿಮಾಡಿ ಹೊರಡಿಸಿ. ಹೊಟ್ಟೆ ತುಂಬಿ ಹೋದ ಮಕ್ಕಳು ಚಾಕಲೇಟನ್ನೂ ಕಡಿಮೆ ತಿನ್ನುತ್ತಾರೆ.

ಅತ್ತೆಯವರನ್ನು ಬಾಗಿಲಲ್ಲಿ ಕೂರಿಸಿ. ನೀವು ಮೈಸೂರಿನವರು, ಬೊಂಬೆ ಹಬ್ಬ ಅವರಿಗೆ ಹೊಸದಲ್ಲ. ದಸರಾ ಸಂಜೆ ಮಕ್ಕಳ ಗುಂಪು "ರೀ, ಬೊಂಬೆ ಕೂರ್ಸಿದ್ದೀರಾ?" ಅಂತ ಮನೆ ಮನೆ ಹೊಕ್ಕು, ಬೊಂಬೆ ನೋಡಿ, ಚರಪು ಇಸಿದುಕೊಂಡು ಮುಂದಿನ ಮನೆಗೆ ಓಡುತ್ತಿತ್ತಲ್ಲ? ನನ್ನ ಅಮ್ಮ ಮೊದಲ ಸಲ ಇಲ್ಲಿ ಬುಟ್ಟಿ ಹಿಡಿದು ಕೂತಾಗ ಅವರಿಗೆ ಏನೂ ವಿವರಿಸಬೇಕಾಗಲಿಲ್ಲ. ಒಂದು ಪುಟ್ಟ ಡೈನೋಸಾರ್ ಬಂದು ಮಾತೇ ಆಡದೆ ಚೀಲ ಒಡ್ಡಿ ನಿಂತಿತು. ಅಮ್ಮ ಕನ್ನಡದಲ್ಲೇ "ಒಂದು ಹಾಡು ಹೇಳು, ಕೊಡ್ತೀನಿ" ಅಂದರು. ಅದಕ್ಕೆ ಏನು ಅರ್ಥವಾಯಿತೋ, ಗರ್ರ್ ಅಂತ ಗುಟುರು ಹಾಕಿತು. ಅಮ್ಮ ಎರಡು ಕೊಟ್ಟರು.

ಮುಂಬಾಗಿಲ ದೀಪ ಹಚ್ಚಿದ್ದರೆ "ಬನ್ನಿ" ಅಂತ ಅರ್ಥ. ಚಾಕಲೇಟ್ ಮುಗಿದರೆ ದೀಪ ಆರಿಸಿ, ಯಾರೂ ಬರುವುದಿಲ್ಲ. ಎಷ್ಟು ಚೀಲ ತರಬೇಕು ಅಂತ ಪಕ್ಕದ ಮನೆಯವರನ್ನು ಕೇಳಿ. ಒಂದು ಬೀದಿಯಲ್ಲಿ ಇಪ್ಪತ್ತು ಮಕ್ಕಳು, ಮುಂದಿನ ತಿರುವಿನಲ್ಲಿ ಇನ್ನೂರು, ಹಾಗಿರುತ್ತದೆ. ತಿಳಿ ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ ಕಂಡರೆ, ಆ ಮನೆಯಲ್ಲಿ ತಿನ್ನುವುದಲ್ಲದ ಉಡುಗೊರೆಯೂ ಇದೆ ಅಂತ. ಆಹಾರದ ಅಲರ್ಜಿ ಇರುವ ಮಕ್ಕಳಿಗಾಗಿ 2012ರಲ್ಲಿ ಟೆನೆಸ್ಸೀಯಲ್ಲಿ ಶುರುವಾದ ಪದ್ಧತಿ ಅದು. ನಾವೂ ಒಂದು ಬಟ್ಟಲಲ್ಲಿ ಪೆನ್ಸಿಲ್, ಸ್ಟಿಕ್ಕರ್ ಇಡುತ್ತೇವೆ.

ಸಸ್ಯಾಹಾರಿಗಳು ಜೆಲಟಿನ್ ನೋಡಿಕೊಳ್ಳಬೇಕು. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಮಾರ್ಷ್‌ಮ್ಯಾಲೋ, ಬಹುಪಾಲು ಗಮ್ಮಿ, ಕ್ಯಾಂಡಿ ಕಾರ್ನ್, ಅಮೆರಿಕದ ಸ್ಟಾರ್‌ಬರ್ಸ್ಟ್, ಈ ಮಿಠಾಯಿಗಳೆಲ್ಲದರಲ್ಲೂ ಇರುತ್ತದೆ. ಇಲ್ಲಿಯ ಸ್ಕಿಟಲ್ಸ್‌ನಲ್ಲಿ ಇಲ್ಲ. ಮಕ್ಕಳು ಚೀಲ ಹೊತ್ತು ಬಂದ ಮೇಲೆ ಎಲ್ಲವನ್ನೂ ನೆಲದ ಮೇಲೆ ಸುರಿಸಿ ವಿಂಗಡಿಸಿ. ಬೇಡದ್ದನ್ನು ಕಿತ್ತುಕೊಳ್ಳಬೇಡಿ, ಒಂದಕ್ಕೊಂದು ಬದಲಿ ಕೊಡಿ. ನಮ್ಮ ಮಕ್ಕಳಿಗೆ ಈ ವ್ಯಾಪಾರವೇ ಹಬ್ಬದ ಅರ್ಧ ಖುಷಿ.

ಕುಂಬಳಕಾಯಿ ಕೊರೆಯುವುದನ್ನು ಪಾರ್ಟಿಯ ದಿನಕ್ಕೆ ಇಡಬೇಡಿ. ಮನೆಯೆಲ್ಲ ರಾಡಿಯಾಗುತ್ತದೆ, ಚಾಕು ಬೇರೆ. ಎರಡು ದಿನ ಮುಂಚೆ ನೀವು, ಮಗಳು ಕೂತು ಮಾಡಿ. ತೊಟ್ಟಿನ ಕಡೆ ಮುಚ್ಚಳ ಕತ್ತರಿಸದೆ ತಳ ಕತ್ತರಿಸಿ. ಆಗ ಕಾಯಿ ಬೇಗ ಕುಸಿಯುವುದಿಲ್ಲ. ದೀಪವನ್ನು ನೆಲದ ಮೇಲಿಟ್ಟು ಕಾಯಿಯನ್ನು ಅದರ ಮೇಲೆ ಕವುಚಿದರೆ ಆಯಿತು. ಒಳಗಿನ ನಾರು, ಬೀಜ ಕೈಯಲ್ಲೇ ಬಾಚಬೇಕು. ತಣ್ಣಗೆ, ಲೋಳೆ ಲೋಳೆಯಾಗಿ ಬೆರಳಿಗೆ ಸುತ್ತಿಕೊಳ್ಳುತ್ತದೆ, ಮಕ್ಕಳು ಕಿರುಚುವುದೇ ಆಗ. ಮುಖ ಬರುವ ಕಡೆ ಒಳಗೋಡೆಯನ್ನು ಸಾರಿನ ಸೌಟಿನಿಂದ ಕೆರೆದು ತೆಳು ಮಾಡಿ. ಒಂದಿಂಚು ಉಳಿದರೆ ಸಾಕು, ಅದಕ್ಕಿಂತ ದಪ್ಪ ಇದ್ದರೆ ಗರಗಸ ಸಿಕ್ಕಿಕೊಳ್ಳುತ್ತದೆ. ಕತ್ತರಿಸಿದ ಅಂಚಿಗೆ ವ್ಯಾಸಲೀನ್ ಸವರಿದರೆ ಬೇಗ ಒಣಗುವುದಿಲ್ಲ. ಮೇಣದಬತ್ತಿ ಬೇಡ, ಬ್ಯಾಟರಿ ದೀಪ ಇಡಿ. ಉದ್ದ ಗೌನ್, ಹುಲ್ಲಿನ ಅಲಂಕಾರಕ್ಕೆ ಬೆಂಕಿ ತಾಗುವ ಅಪಾಯ ನಿಜವಾದದ್ದು. ಮಗನಿಗೆ ಪುಟ್ಟ ಕಾಯಿ, ಬಣ್ಣ ಕೊಟ್ಟರೆ ಅವನ ಪಾಲಿಗೆ ಅದೇ ಸಂಭ್ರಮ.

ಬೀಜ ಎಸೆಯಬೇಡಿ. ತೊಳೆದು, ಬಟ್ಟೆಯ ಮೇಲೆ ಆರಿಸಿ, ಎಣ್ಣೆ, ಉಪ್ಪು, ಮೆಣಸಿನಪುಡಿ, ಚಿಟಿಕೆ ಇಂಗು ಹಚ್ಚಿ ಒವನ್‌ನಲ್ಲಿ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಗರಿಗರಿಯಾಗುವ ತನಕ ಹುರಿಯಿರಿ.

ತಿಂಡಿಗೆ ತಲೆ ಕೆಡಿಸಿಕೊಳ್ಳಬೇಡಿ. ಮಿನಿ ಇಡ್ಲಿಗೆ ಕಪ್ಪು ಆಲಿವ್ ಬಿಲ್ಲೆ ಒತ್ತಿ, ಸುತ್ತ ಕೆಚಪ್‌ನಲ್ಲಿ ನರ ಬರೆದರೆ ಕಣ್ಣುಗುಡ್ಡೆ ಸಿದ್ಧ. ಅದರ ಜೊತೆ ಚೀಸ್ ಸ್ಯಾಂಡ್‌ವಿಚ್, ಕಿತ್ತಳೆ ಹಣ್ಣು, ಅಷ್ಟೇ. ನಾಲ್ಕು ವರ್ಷದವರಿದ್ದಾರೆ, ಇಡೀ ದ್ರಾಕ್ಷಿ, ಪಾಪ್‌ಕಾರ್ನ್, ಗಟ್ಟಿ ಪೆಪ್ಪರ್‌ಮೆಂಟ್ ಬೇಡ, ಗಂಟಲಿಗೆ ಸಿಕ್ಕೀತು. ಆಟಕ್ಕೆ ಒಬ್ಬರಿಗೊಬ್ಬರು ಟಾಯ್ಲೆಟ್ ಪೇಪರ್ ಸುತ್ತಿ ಈಜಿಪ್ಟಿನ ಮಮ್ಮಿ ಮಾಡುವುದನ್ನು ಮೀರಿಸಿದ್ದು ನಾನು ನೋಡಿಲ್ಲ. ದೊಡ್ಡ ಮಕ್ಕಳಿಗೆ ಪರದೆ ಎಳೆದು ನಮ್ಮ ಕಥೆ ಹೇಳಿ. ರಾತ್ರಿ ಬಂದು ಹೆಸರು ಹಿಡಿದು ಕರೆಯುವ ದೆವ್ವಕ್ಕೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ಅದು. ನಾವು ನಮ್ಮ ಬಾಗಿಲಿಗೂ ಸೀಮೆಸುಣ್ಣದಲ್ಲಿ ಕನ್ನಡದಲ್ಲೇ ಬರೆಯುತ್ತೇವೆ. ಬೀದಿಯವರೆಲ್ಲ ಅರ್ಥ ಕೇಳುತ್ತಾರೆ.

ಇರ್ವಿಂಗ್, ಟೆಕ್ಸಾಸ್‌ನಿಂದ

ನಮ್ಮದು ಧಾರವಾಡ. ಹೋಳಿ ಮುಂಚೆ ಹುಡುಗರು ಕಾಮಣ್ಣನ ಹೆಸರಲ್ಲಿ ಕಂಡವರ ಕಟ್ಟಿಗೆ, ಕುಳ್ಳು ಕದಿಯುತ್ತಿದ್ದೆವು. ಅಮೆರಿಕದಲ್ಲೂ ಒಂದು ಕಾಲಕ್ಕೆ ಹ್ಯಾಲೋವೀನ್ ಅಂದರೆ ಅಂಥ ಕೀಟಲೆಯೇ. ಗೇಟು ಕಿತ್ತು ಒಯ್ಯುವುದು, ದನ ಬಿಚ್ಚಿ ಬಿಡುವುದು. ಅದನ್ನು ತಡೆಯಲು ಮಿನೆಸೋಟದ ಅನೋಕಾ ಊರಿನವರು 1920ರಲ್ಲಿ ಮೆರವಣಿಗೆ ಶುರುಮಾಡಿದರು. ಪಾರ್ಟಿ, ಸಿಹಿ ಹಂಚುವುದು ದೇಶವೆಲ್ಲ ಬೆಳೆದದ್ದಕ್ಕೂ ಆ ಕೀಟಲೆಯ ಕಾಟ ಒಂದು ಕಾರಣ.

ಭಯದ ಬಗ್ಗೆ ಒಂದು ಮಾತು. ಅಪರಿಚಿತರು ಚಾಕಲೇಟಿನಲ್ಲಿ ವಿಷ ಹಾಕುತ್ತಾರೆ ಅಂತ ಪ್ರತಿ ವರ್ಷ ವಾಟ್ಸಾಪ್ ಬರುತ್ತದೆ. ಜೋಯಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು 1958ರಿಂದಾಚೆಯ ಸುದ್ದಿಗಳನ್ನು ಹುಡುಕಿ ನೋಡಿದರು. ಹಾಗೆ ಅಪರಿಚಿತರು ಕೊಟ್ಟ ಸಿಹಿಯಿಂದ ಮಗು ಸತ್ತ ಒಂದೂ ಖಚಿತ ಪ್ರಕರಣ ಸಿಗಲಿಲ್ಲ. 1974ರಲ್ಲಿ ನಮ್ಮ ಟೆಕ್ಸಾಸಿನಲ್ಲೇ ಒಂದು ಮಗು ಸತ್ತಿತು. ವಿಷ ಹಾಕಿದವನು ಹೆತ್ತ ತಂದೆ. ನಿಜವಾದ ಅಪಾಯ ಕಾರು. 1975ರಿಂದ 2016ರ ತನಕದ ಲೆಕ್ಕ ನೋಡಿದ ಒಂದು ಅಧ್ಯಯನದಲ್ಲಿ, ಹ್ಯಾಲೋವೀನ್ ಸಂಜೆ ಪಾದಚಾರಿಗಳು ಸಾಯುವ ಅಪಾಯ ಆಚೀಚೆ ವಾರದ ಸಂಜೆಗಳಿಗಿಂತ 43% ಜಾಸ್ತಿ ಇತ್ತು. ನಾಲ್ಕರಿಂದ ಎಂಟು ವರ್ಷದವರಿಗೆ ಎಲ್ಲಕ್ಕಿಂತ ಹೆಚ್ಚು. ನಿಮ್ಮ ಮಗ ಅದೇ ವಯಸ್ಸಿನವನು, ಕೈ ಬಿಡಬೇಡಿ. ಮುಖವಾಡ ಬೇಡ, ಅಕ್ಕಪಕ್ಕ ಕಾಣುವುದಿಲ್ಲ. ಮುಖಕ್ಕೆ ಬಣ್ಣ ಬಳಿಯಿರಿ. ನಮ್ಮ ಮಗ ಹುಲಿವೇಷ ಹಾಕಿಕೊಂಡು ಹೋಗಿದ್ದ, ಬಾಲಕ್ಕೆ ಹೊಳೆಯುವ ಟೇಪ್ ಸುತ್ತಿದ್ದೆವು. ಒಹಾಯೊದಲ್ಲಿ ಚಳಿ ಇರುತ್ತದೆ, ವೇಷ ಒಂದು ಸೈಜು ದೊಡ್ಡದು ತನ್ನಿ, ಒಳಗೆ ಥರ್ಮಲ್ ಹಾಕಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಬಾಗಿಲ ಕೆಲಸ ಒಪ್ಪಿಕೊಂಡರು, ಬೊಂಬೆ ಹಬ್ಬದ ಮಾತಿಗೆ ಮುಖ ಅರಳಿತು. ಅಸ್ಥಿಪಂಜರ ಮಾತ್ರ ಬೇಡ, ಕುಂಬಳಕಾಯಿ ಸಾಕು ಅಂದಿದ್ದಾರೆ. ಹಾಗೇ ಮಾಡುತ್ತೇವೆ. ಹಬ್ಬ ಮುಗಿದ ಮೇಲೆ ಆ ಕಾಯಿ ಹುಳಿಗೆ ಆಗುತ್ತದಾ ಅಂತ ಕೇಳುತ್ತಿದ್ದಾರೆ.

ವೆಸ್ಟರ್‌ವಿಲ್‌ನಿಂದ

ಕೊರೆದು ಹೊರಗಿಟ್ಟದ್ದು ಬೇಡವೇ ಬೇಡ, ಬೂಸಲು ಹಿಡಿದಿರುತ್ತದೆ. ದೀಪ ತೆಗೆದು ಕಾಂಪೋಸ್ಟಿಗೆ ಹಾಕಿ. ಕೊರೆಯಲು ಮಾರುವ ದೊಡ್ಡ ಕಾಯಿ ಹೇಗೂ ನೀರು ನೀರು, ನಾರು ಜಾಸ್ತಿ. ಹುಳಿಗೆ, ಕಡುಬಿಗೆ ಅಂತಲೇ ಪೈ ಪಂಪ್‌ಕಿನ್ ಅನ್ನುವ ಪುಟ್ಟ ಕಾಯಿ ಸಿಗುತ್ತದೆ, ಸಿಹಿ ಚೆನ್ನಾಗಿರುತ್ತದೆ. ಅತ್ತೆಯವರಿಗೆ ಈಗಲೇ ಎರಡು ತಂದಿಡಿ. ನವೆಂಬರ್ ಬಂದರೆ ಅಂಗಡಿಗಳು ಬೇಗ ಖಾಲಿ ಮಾಡಿಬಿಡುತ್ತವೆ.