ಗ್ರೀನ್ ಬೆಲ್ಟ್ ಮಾಡಬೇಕು ಅಂತಿದ್ದೇನೆ, ಯಾವ ಸರ್ಟಿಫಿಕೇಟ್ ಸರಿ?

ಬಿಲ್ ವಿಭಾಗದವಳು:
ಎಲ್ಲರಿಗೂ ನಮಸ್ಕಾರ. ಸರಬರಾಜುದಾರರ ಬಿಲ್ ಪರಿಶೀಲಿಸಿ ಪಾವತಿಗೆ ಕಳಿಸುವ ತಂಡದ ಲೀಡ್ ನಾನು. ಬಿಲ್ ತಡವಾಗುತ್ತವೆ, ಎಷ್ಟೋ ಬಿಲ್ ಅರ್ಧ ದಾರಿಯಿಂದ ವಾಪಸ್ ಬರುತ್ತವೆ, ಎಲ್ಲರೂ ಕಷ್ಟಪಟ್ಟು ದುಡಿದರೂ ತಿಂಗಳ ಕೊನೆಗೆ ಅದೇ ಗಲಾಟೆ. ಸುಮ್ನೆ ಅಂದಾಜಿನ ಮೇಲೆ ಏನೇನೋ ಬದಲಾಯಿಸುವ ಬದಲು ಸರಿಯಾಗಿ ಕಲಿತು ಕೈ ಹಾಕೋಣ ಅಂತ ಲೀನ್ ಸಿಕ್ಸ್ ಸಿಗ್ಮಾ ಗ್ರೀನ್ ಬೆಲ್ಟ್ ನೋಡುತ್ತಿದ್ದೇನೆ (ಕೆಲಸದಲ್ಲಿ ಆಗುವ ತಪ್ಪು, ದಂಡ ಕಡಿಮೆ ಮಾಡುವ ವಿಧಾನ ಇದು, ಕಲಿಕೆಯ ಹಂತಗಳಿಗೆ ಬೆಲ್ಟ್ ಅಂತಾರೆ). ಹುಡುಕಿದರೆ ನೂರೆಂಟು ಸಂಸ್ಥೆ. ಎರಡು ದಿನದಲ್ಲಿ ಮುಗಿಯುವುದೂ ಇದೆ, ತಿಂಗಳುಗಟ್ಟಲೆ ನಡೆಯುವುದೂ ಇದೆ. ಯಾವುದಕ್ಕೆ ಬೆಲೆ? ಮೊದಲು ಅದಕ್ಕಿಂತ ಕೆಳಗಿನ ಯೆಲ್ಲೋ ಬೆಲ್ಟ್ ಮಾಡಲೇಬೇಕಾ? ಕಾಮರ್ಸ್ ಓದಿದವಳು, ಸ್ಟಾಟಿಸ್ಟಿಕ್ಸ್ ಮರೆತೇ ಹೋಗಿದೆ, ಅದೊಂದು ಭಯ ಬೇರೆ.

ಅಳತೆಗೋಲು:
ಮೇಡಂ, ಮೊದಲು ಒಂದು ವಿಷಯ ಗೊತ್ತಿರಲಿ. ಈ ಬೆಲ್ಟ್‌ಗಳಿಗೆಲ್ಲ ಒಬ್ಬ ಯಜಮಾನ ಅಂತ ಇಲ್ಲ. ಸಿಕ್ಸ್ ಸಿಗ್ಮಾ ಶುರುವಾಗಿದ್ದು 1986ರಲ್ಲಿ ಮೊಟೊರೊಲಾದಲ್ಲಿ, ಬಿಲ್ ಸ್ಮಿತ್ ಅನ್ನುವ ಇಂಜಿನಿಯರ್ ಅದರ ಹಿಂದೆ ಇದ್ದವರು. 1995ರ ಹೊತ್ತಿಗೆ ಜ್ಯಾಕ್ ವೆಲ್ಚ್ ಅದನ್ನು ಜಿಇ ಕಂಪನಿಗೆ ತಂದ ಮೇಲೆ ಇಡೀ ಜಗತ್ತಿಗೆ ಹಬ್ಬಿತು. ಕಂಪನಿಗಳು ತಮ್ಮವರಿಗೆ ತಾವೇ ಬೆಲ್ಟ್ ಕೊಡುತ್ತಿದ್ದವು, ಈಗಲೂ ಕೊಡುತ್ತವೆ. ಹಾಗಾಗಿ ಯಾರು ಬೇಕಾದರೂ ಕೋರ್ಸ್ ನಡೆಸಿ ಸರ್ಟಿಫಿಕೇಟ್ ಕೊಡಬಹುದು. ನೀವು ನೋಡಿದ ನೂರೆಂಟು ಸಂಸ್ಥೆಗಳಿಗೆ ಕಾರಣ ಇದೇ.

ಹೊರಗಿನ ಪರೀಕ್ಷೆಗಳಲ್ಲಿ ಹೆಚ್ಚು ಕೇಳಿಬರುವುದು ಎಎಸ್‌ಕ್ಯೂ (ಅಮೆರಿಕನ್ ಸೊಸೈಟಿ ಫಾರ್ ಕ್ವಾಲಿಟಿ) ಮತ್ತು ಐಎಎಸ್‌ಎಸ್‌ಸಿ (ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಫಾರ್ ಸಿಕ್ಸ್ ಸಿಗ್ಮಾ ಸರ್ಟಿಫಿಕೇಷನ್) ಅನ್ನುವ ಎರಡು ಸಂಸ್ಥೆಗಳದು. ಎಎಸ್‌ಕ್ಯೂ ಗ್ರೀನ್ ಬೆಲ್ಟ್‌ಗೆ ಸಂಬಂಧಪಟ್ಟ ಕೆಲಸದಲ್ಲಿ 3 ವರ್ಷ ಅನುಭವ ಇರಬೇಕು, ಪರೀಕ್ಷೆಗೆ ಪುಸ್ತಕ ಇಟ್ಟುಕೊಳ್ಳಬಹುದು. ಐಎಎಸ್‌ಎಸ್‌ಸಿ ಅನುಭವವನ್ನೂ ಕೇಳುವುದಿಲ್ಲ, ಪ್ರಾಜೆಕ್ಟನ್ನೂ ಕೇಳುವುದಿಲ್ಲ, ಆದರೆ ಪುಸ್ತಕ ನೋಡುವ ಹಾಗಿಲ್ಲ. ಮಾಡಿದ ಪ್ರಾಜೆಕ್ಟ್‌ಗೆ ಸಹಿ ಮಾಡಿದ ದಾಖಲೆ ಬೇಕಾಗುವುದು ಗ್ರೀನ್‌ಗಿಂತ ಮೇಲಿನ ಎಎಸ್‌ಕ್ಯೂ ಬ್ಲ್ಯಾಕ್ ಬೆಲ್ಟ್‌ಗೆ. ಯೆಲ್ಲೋ ಬೆಲ್ಟ್ ಕಡ್ಡಾಯ ಅಲ್ಲ, ನಿಮ್ಮ ತಂಡದವರಿಗೆ ಅದು ಚೆನ್ನಾಗಿರುತ್ತದೆ, ನೀವು ನೇರ ಗ್ರೀನ್‌ಗೆ ಹೋಗಿ.

ನನ್ನನ್ನು ಕೇಳಿದರೆ ಸರ್ಟಿಫಿಕೇಟ್ ಮೇಲೆ ಯಾರ ಹೆಸರಿದೆ ಅನ್ನುವುದಕ್ಕಿಂತ, ನಿಮ್ಮದೇ ಕೆಲಸದ ಒಂದು ಪ್ರಾಜೆಕ್ಟನ್ನು ಮೊದಲಿನಿಂದ ಕೊನೆವರೆಗೂ ನೋಡಿ ತಿದ್ದುವ ಮೇಷ್ಟ್ರು ಆ ಕೋರ್ಸ್‌ನಲ್ಲಿ ಇದ್ದಾರಾ ಅನ್ನುವುದು ಮುಖ್ಯ. ಎರಡು ದಿನದಲ್ಲಿ ಡಿಮೇಕ್ (DMAIC) ಅನ್ನುವ ಸಿಕ್ಸ್ ಸಿಗ್ಮಾ ಕ್ರಮದ ಐದು ಹಂತದ ಹೆಸರು ಬಾಯಿಪಾಠ ಆಗುತ್ತದೆ, ಅಷ್ಟೆ. ಸಮಸ್ಯೆ ಏನು ಅಂತ ಗೆರೆ ಎಳೆಯುವುದು, ಅಳೆಯುವುದು, ಕಾರಣ ಹುಡುಕುವುದು, ಸರಿ ಮಾಡುವುದು, ಸರಿಯಾಗಿಯೇ ಉಳಿಯುವ ಹಾಗೆ ನೋಡಿಕೊಳ್ಳುವುದು: ಕೈಯಲ್ಲಿ ಕೆಲಸ ಇಲ್ಲದೆ ಇವು ಯಾವುದೂ ಬರುವುದಿಲ್ಲ.

ಕಂಟ್ರೋಲ್ ಚಾರ್ಟ್:
ಮೇಲಿನವರ ಮಾತಿಗೆ ನನ್ನದೂ ಸಹಮತ. ಹತ್ತಾರು ಗ್ರೀನ್ ಬೆಲ್ಟ್ ಪ್ರಾಜೆಕ್ಟ್ ವರದಿ ಓದಿದವನಾಗಿ ಒಂದು ಮಾತು ಸೇರಿಸುತ್ತೇನೆ. ಹೆಚ್ಚಿನವು ಬೀಳುವುದು ಅಳತೆಯ ಹಂತದಲ್ಲಿ. ಕೋರ್ಸ್‌ಗಳು ಕಾರ್ಖಾನೆಯ ಉದಾಹರಣೆ ಹಿಡಿದು, ಶಾಫ್ಟ್‌ನ ವ್ಯಾಸ ಅಳೆಯುವ ಉಪಕರಣ ಸರಿ ಇದೆಯಾ ಅಂತ ಕಲಿಸುತ್ತವೆ. ಕಚೇರಿ ಕೆಲಸದಲ್ಲಿ ಅಳೆಯುವ ಉಪಕರಣ ಅಂದರೆ ಮನುಷ್ಯರೇ ಅಲ್ವಾ?

ನಿಮ್ಮ ಬಿಲ್‌ಗಳನ್ನೇ ತಗೊಳ್ಳಿ. ಬಿಲ್ "ತಡ" ಅಂದರೆ ಗಡಿಯಾರ ಯಾವಾಗ ಶುರು? ಮೇಲ್‌ಗೆ ಬಂದ ದಿನವಾ, ಸಿಸ್ಟಮ್‌ಗೆ ಹಾಕಿದ ದಿನವಾ? ವಾಪಸ್ ಕಳಿಸಿ ಮತ್ತೆ ಬಂದರೆ ಅದೇ ಬಿಲ್ಲಾ, ಹೊಸ ಬಿಲ್ಲಾ? ಹೊಸದು ಅಂತ ಎಣಿಸುವ ಕಡೆ ವಾರಗಟ್ಟಲೆ ಅಲೆದ ಬಿಲ್ ಕೂಡ ಒಂದೇ ದಿನದಲ್ಲಿ ಮುಗಿದ ಹಾಗೆ ಕಾಣುತ್ತದೆ. ಮುಂದಿನ ಗ್ರಾಫ್ ಎಲ್ಲಾ ಇದರ ಮೇಲೇ ನಿಲ್ಲುವುದು. ಇನ್ನೊಂದು, 30 ಬಿಲ್ ಆರಿಸಿ ಇಬ್ಬರು ಪರಿಶೀಲಕರಿಗೆ ಬೇರೆ ಬೇರೆಯಾಗಿ ಕೊಡಿ. ತಪ್ಪಿದೆಯಾ, ಇದ್ದರೆ ಯಾವ ಬಗೆಯದು ಅಂತ ಬರೆಯಲಿ. ಕೆಲವು ದಿನ ಬಿಟ್ಟು, ಕ್ರಮ ಬದಲಿಸಿ, ಅದೇ 30 ಅನ್ನು ಮತ್ತೆ ಕೊಡಿ. ಇಬ್ಬರ ಉತ್ತರ ಒಂದಕ್ಕೊಂದು ಹೊಂದುತ್ತದಾ, ಒಬ್ಬರದೇ ಎರಡು ಸಲದ ಉತ್ತರ ಹೊಂದುತ್ತದಾ ನೋಡಿ. ಹೊಂದದಿದ್ದರೆ ತಪ್ಪಿನ ಲೆಕ್ಕ ಇಡುವುದೇ ದಂಡ, ಯಾವುದು ತಪ್ಪು ಅನ್ನುವ ನಿಯಮವನ್ನೇ ಮೊದಲು ಬಿಡಿಸಿ ಬರೆಯಬೇಕು. ಇದನ್ನು ಸಂಖ್ಯೆಯಲ್ಲಿ ಹೇಳುವುದಕ್ಕೆ ಕಪ್ಪಾ ಅಂತ ಒಂದು ಅಳತೆ ಇದೆ, ಕೋರ್ಸ್‌ನಲ್ಲಿ ಬರುತ್ತದೆ.

ತಪ್ಪು ಎಷ್ಟು ಕಡಿಮೆ ಅಂತ ತೋರಿಸುವ ಸಿಗ್ಮಾ ಮಟ್ಟದ ಅಂಕಿಗೂ ಮರುಳಾಗಬೇಡಿ. 1,000 ಬಿಲ್, ಒಂದೊಂದರಲ್ಲಿ ತಪ್ಪಾಗಬಹುದಾದ 5 ಜಾಗ, ಒಟ್ಟು 20 ತಪ್ಪು ಅಂದುಕೊಳ್ಳಿ. ಅಂದರೆ ಇಂಥ 10 ಲಕ್ಷ ಜಾಗಕ್ಕೆ 4,000 ತಪ್ಪು, ಸಿಗ್ಮಾ ಮಟ್ಟ ಬರುವುದು ಈ ಲೆಕ್ಕದಿಂದ. ಅದೇ ಬಿಲ್‌ನಲ್ಲಿ 10 ಜಾಗ ಅಂತ ಎಣಿಸಿಬಿಟ್ಟರೆ 2,000! ಒಂದು ಬಿಲ್ಲೂ ಸುಧಾರಿಸಲಿಲ್ಲ, ಅಂಕಿ ಮಾತ್ರ ಅರ್ಧ ಆಯಿತು. ಜಾಗ ಎಷ್ಟು ಅಂತ ಶುರುವಿನಲ್ಲೇ ಬರೆದಿಟ್ಟು, ಆಮೇಲೆ ಮುಟ್ಟಬೇಡಿ.

ಸಂಜೆ ಓದು:
ಪರೀಕ್ಷೆಯನ್ನು ಅಷ್ಟು ಹಗುರ ಮಾಡಬೇಡಿ ಅಂತ ನನ್ನ ಅಭಿಪ್ರಾಯ. ಕೆಲಸ ಬದಲಿಸುವಾಗ ನಿಮ್ಮ ಪ್ರಾಜೆಕ್ಟ್ ಬಗ್ಗೆ ಕೇಳುವವರ ಹತ್ತಿರ ಹೋಗುವ ಮೊದಲೇ ರೆಸ್ಯೂಮೆ ಜರಡಿ ಹಿಡಿಯುತ್ತಾರೆ, ಅಲ್ಲಿ ಗೊತ್ತಿರುವ ಹೆಸರು ಉಪಯೋಗಕ್ಕೆ ಬರುತ್ತದೆ. ಜೊತೆಗೆ ನಿಮ್ಮ ಪ್ರಾಜೆಕ್ಟ್‌ನಲ್ಲಿ ಬೇಕಾಗದ ವಿಷಯಗಳನ್ನೂ ಓದಿಸುವುದು ಪರೀಕ್ಷೆಯೇ.

ಗಣಿತಕ್ಕೆ ಹೆದರಬೇಡಿ ಮೇಡಂ. ಸರಾಸರಿ, ಸ್ಟಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವುದು), ಪ್ಯಾರೆಟೊ ಚಾರ್ಟ್ (ಯಾವ ಕಾರಣ ಹೆಚ್ಚು ಅಂತ ಸಾಲಾಗಿ ತೋರಿಸುವುದು), ಕಂಟ್ರೋಲ್ ಚಾರ್ಟ್ (ಏರಿಳಿತ ಮಿತಿಯೊಳಗೆ ಇದೆಯಾ ಅಂತ ತೋರಿಸುವುದು), ಇಷ್ಟು ಚೆನ್ನಾಗಿ ಅರ್ಥವಾದರೆ ಅರ್ಧ ದಾರಿ ಬಂದ ಹಾಗೆ. ಕಂಟ್ರೋಲ್ ಚಾರ್ಟನ್ನು ವಾಲ್ಟರ್ ಶೂಹಾರ್ಟ್ ಅನ್ನುವ ಸಂಖ್ಯಾಶಾಸ್ತ್ರಜ್ಞ 1924ರಲ್ಲಿ ಮಾಡಿದಾಗ ಕಂಪ್ಯೂಟರ್ ಎಲ್ಲಿತ್ತು? ಕಾಗದದ ಮೇಲೇ ಹಾಕಬಹುದು. ಕಂಡ ವ್ಯತ್ಯಾಸ ನಿಜವಾ, ಆಕಸ್ಮಿಕವಾ ಅಂತ ನೋಡುವ ಹೈಪೋಥಿಸಿಸ್ ಟೆಸ್ಟ್ ಸ್ವಲ್ಪ ಕಾಡುತ್ತದೆ, ಅದಕ್ಕೆ ಜಾಸ್ತಿ ಸಮಯ ಇಡಿ. ಲೆಕ್ಕವನ್ನು ಮಿನಿಟ್ಯಾಬ್ ಅನ್ನುವ ಸಾಫ್ಟ್‌ವೇರ್ ಮಾಡುತ್ತದೆ, ಯಾವ ಟೆಸ್ಟ್ ಯಾಕೆ ಅನ್ನುವುದು ನಿಮಗೆ ಗೊತ್ತಿರಬೇಕು.

ಬಿಲ್ ವಿಭಾಗದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಡಿಯಾರದ ಪ್ರಶ್ನೆ ನಮ್ಮ ತಂಡದಲ್ಲಿ ಕೇಳಿದೆ, ಒಬ್ಬೊಬ್ಬರದೂ ಒಂದೊಂದು ಉತ್ತರ! ಪ್ರಾಜೆಕ್ಟ್‌ಗೆ ಯಾವುದು ಹಿಡಿಯಲಿ, ತಡವಾಗುವುದಾ, ವಾಪಸ್ ಬರುವುದಾ?

ಕಂಟ್ರೋಲ್ ಚಾರ್ಟ್:
ವಾಪಸ್ ಬರುವುದು ಹಿಡಿಯಿರಿ. ತಡಕ್ಕೆ ಹತ್ತು ಇಲಾಖೆ ಕಾರಣ, ಅವರೆಲ್ಲ ನಿಮ್ಮ ಮಾತು ಕೇಳಬೇಕು. ವಾಪಸ್ ಆದ ಬಿಲ್‌ಗೆ ಒಂದು ನಿರ್ದಿಷ್ಟ ಕಾರಣ ಇರುತ್ತದೆ, ಅದು ಕಡಿಮೆಯಾದರೆ ತಡವೂ ಒಂದಷ್ಟು ತಾನಾಗಿ ಇಳಿಯುತ್ತದೆ. ಎಲ್ಲಾ ಬಿಲ್ ಬೇಡ, ಖರೀದಿ ಆದೇಶ ಇರುವ ಬಿಲ್ ಮಾತ್ರ. ವಾಪಸ್ ಕಳಿಸುವಾಗ ಕಾರಣ, ತಾರೀಖು, ಯಾರಿಂದ ಬಂದದ್ದು, ಈ ಮೂರು ಕಾಲಂ ಇರುವ ಒಂದು ಹಾಳೆ ಈಗಲೇ ಶುರು ಮಾಡಿ, "ಇತರೆ" ಅನ್ನುವ ಕಾರಣ ಜಾಸ್ತಿಯಾದರೆ ಅದನ್ನು ಒಡೆಯಿರಿ. ಕೋರ್ಸ್‌ಗೆ ಸೇರುವ ಮುಂಚೆ ಆ ಹಾಳೆಯನ್ನು ಅಲ್ಲಿ ಪಾಠ ಮಾಡುವವರಿಗೆ ತೋರಿಸಿ. ಅದನ್ನು ನೋಡಿ ನಿಮಗೆ ಪ್ರಶ್ನೆ ಕೇಳುವವರ ಹತ್ತಿರ ಸೇರಿಕೊಳ್ಳಿ.